ಮೂವತ್ತೊಂಬತ್ತು ಬಾತ್‌ರೂಮು ಮತ್ತು ಒಂದು ಸಿಂಹ

ಒಂದು ಸಲ ತಲೆಯಾಡಿಸಿದ ತಪ್ಪಿಗೆ ಜನ ಏನೇನು ಅನುಭವಿಸಿದ್ದಾರೋ ಯಾರಿಗೆ ಗೊತ್ತು. ಪಾದ್ರಿಗಳ ಮುಂದೆ ತಲೆಯಾಡಿಸಿದವರಿಗೆ ಮದುವೆಯೇ ಆಗಿಹೋಗಿದೆ. ನನಗೆ ಅಷ್ಟು ದೊಡ್ಡದೇನೂ ಆಗಲಿಲ್ಲ. ಒಂದು ಶಾಲು, ಒಂದು ಮೈಸೂರು ಪೇಟ, ಒಂದು ಹಣ್ಣಿನ ಬುಟ್ಟಿ ಮತ್ತು ‘ಆಫ್ರಿಕಾದ ಸಿಂಹವನ್ನು ಮುಖಾಮುಖಿ ಕಂಡ ಧೀರೆ’ ಎಂಬ ಬಿರುದು, ಇಷ್ಟೇ ಸಿಕ್ಕಿದ್ದು. ಸಿಂಹವನ್ನು ಮಾತ್ರ ನಾನು ಕಂಡಿರಲಿಲ್ಲ.

ನನ್ನ ಹೆಸರು ಜೋಯ್ಲಿನ್. ಊರು ಶಿರ್ವದ ಹತ್ತಿರ. ಬಿ.ಎ.ಯಲ್ಲಿ ಕನ್ನಡ ಐಚ್ಛಿಕ ಓದಿದವಳು, ಈಗ ಬಹರೈನಿನ ಜಿಂಜ್‌ನಲ್ಲಿ ಮಾರ್ಥಾ ಮಾವ್ಶಿಯ, ಎಂದರೆ ಅಮ್ಮನ ಅಕ್ಕನ, ಮನೆಯಲ್ಲಿದ್ದುಕೊಂಡು ಒಂದು ಚಿಕ್ಕ ಟ್ರಾವೆಲ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಆರನೆಯ ಕ್ಲಾಸಿನಿಂದ ದಿನಚರಿ ಬರೆಯುತ್ತೇನೆ. ಅದು ಮಧ್ಯದಲ್ಲಿ ಬಾಯಿ ಹಾಕುವುದಿಲ್ಲ ಎಂಬುದೇ ಕಾರಣ. ಬೇರೆಯವರೊಡನೆ ಮಾತಾಡುವುದೆಂದರೆ ನನಗೆ ಆಗದ ಕೆಲಸ. ನಮ್ಮ ಕಟ್ಟಡದ ಕೆಳಗಿನ ಕೋಲ್ಡ್ ಸ್ಟೋರ್ ಎಂಬ ಕಿರಾಣಿ ಅಂಗಡಿಯವನು ಮೊದಲ ದಿನ ಹಾಲಿನ ಬದಲು ಲಬನ್, ಎಂದರೆ ಇಲ್ಲಿಯ ಮಜ್ಜಿಗೆ, ಕೊಟ್ಟ. ‘ಇದಲ್ಲ’ ಎನ್ನಲು ಸಂಕೋಚವಾಗಿ ಎರಡು ವರ್ಷದಿಂದ ಅದನ್ನೇ ತರುತ್ತಿದ್ದೇನೆ. ಈಗ ನನ್ನನ್ನು ದೂರದಿಂದ ಕಂಡ ಕೂಡಲೇ ಅವನು ಲಬನ್ ತೆಗೆದು ಮೇಜಿನ ಮೇಲಿಡುತ್ತಾನೆ, ಮುಖದಲ್ಲಿ ಹೆಮ್ಮೆ. ಇಂಥವಳು ಆಫ್ರಿಕಾಕ್ಕೆ ಹೋದಳು ಎಂದರೆ ಅದು ಆಫ್ರಿಕಾದ ದುರದೃಷ್ಟ.

ನಮ್ಮ ಕಸುಬಿನಲ್ಲಿ ಫ್ಯಾಮ್ ಟ್ರಿಪ್ ಎಂಬುದೊಂದಿದೆ. ಹೊರದೇಶದ ಟೂರ್ ಕಂಪನಿಯವರು ನಮ್ಮಂಥ ಆಫೀಸಿನವರನ್ನು ಪುಕ್ಕಟೆಯಾಗಿ ಕರೆದೊಯ್ದು ತಮ್ಮ ಲಾಡ್ಜುಗಳನ್ನು ತೋರಿಸುತ್ತಾರೆ. ನೋಡಿ ಬಂದವರು ಅದನ್ನು ಗಿರಾಕಿಗಳಿಗೆ ಮಾರಬೇಕು. ಈ ಸಲ ಕೀನ್ಯಾದ ಮಸಾಯಿ ಮಾರಾ, ಐದು ದಿನ. ಹೋಗಬೇಕಾಗಿದ್ದವಳು ನನ್ನ ಪಕ್ಕದ ಮೇಜಿನ ಸಫ್ನಾ. ಅವಳ ಪಾಸ್‌ಪೋರ್ಟಿಗೆ ಆರು ತಿಂಗಳ ಆಯುಷ್ಯ ಉಳಿದಿರಲಿಲ್ಲವೆಂದು ಕೊನೆಯ ಗಳಿಗೆಯಲ್ಲಿ ಗೊತ್ತಾಯಿತು. ಊರಿಗೆಲ್ಲ ಪಾಸ್‌ಪೋರ್ಟಿನ ಬುದ್ಧಿ ಹೇಳುವ ಆಫೀಸಿನಲ್ಲಿ ಹೀಗೇ ಆಗುವುದು. ಮ್ಯಾನೇಜರ್ ನವನೀತ್ ಸರ್ ಆಫೀಸಿನ ಸುತ್ತ ಕಣ್ಣು ಹಾಯಿಸಿದರು. ಯಾರೂ ಇರಲಿಲ್ಲ, ನಾನಿದ್ದೆ.

“ನೋಡಮ್ಮ ಜೋಯ್ಲಿನ್,” ಎಂದರು. ಅವರು ಬೆಂಗಳೂರಿನವರು. “ಅನಿಮಲ್ಸ್‌ನ ಎಲ್ರೂ ನೋಡ್ತಾರೆ. ನೀನು ರೂಮ್ಸ್ ನೋಡು. ನಮಗೆ ಕಂಪ್ಲೇಂಟ್ ಬರೋದು ಲಯನ್ ಬಗ್ಗೆ ಅಲ್ಲ, ಹಾಟ್ ವಾಟರ್ ಬಗ್ಗೆ. ಓಕೆನಾ?”

ತಲೆಯಾಡಿಸಿದೆ.

ನಾಲ್ಕು ಪುಟದ ಫಾರಂ ಕೊಟ್ಟಿದ್ದರು. ಮಂಚದ ಉದ್ದ, ಕಮೋಡಿನ ಎತ್ತರ, ಬಿಸಿನೀರು ಎಷ್ಟು ಸೆಕೆಂಡಿಗೆ ಬರುತ್ತದೆ, ರೂಮಿನಿಂದ ಊಟದ ಹಾಲಿಗೆ ಎಷ್ಟು ಮೆಟ್ಟಿಲು. ಬೇರೆ ದೇಶಗಳಿಂದ ಬಂದ ಆರು ಮಂದಿ ಏಜೆಂಟರು ಅಂಥ ಫಾರಮನ್ನು ವಿಮಾನದಲ್ಲೇ ಕಣ್ಣುಮುಚ್ಚಿ ತುಂಬಿಸಿ ಮುಗಿಸಿದ್ದರು. ನಾನು ಹೊಲಿಗೆ ಟೇಪು ತೆಗೆದುಕೊಂಡು ಹೋಗಿದ್ದೆ. ನನ್ನ ಅಂದಿನ ದಿನಚರಿ ಇನ್ನೂ ಇದೆ:

‘ಮಂಗಳವಾರ. ಇಂದು ಹನ್ನೊಂದು ಬಾತ್‌ರೂಮು. ಏಳನೆಯದರಲ್ಲಿ ಬಿಸಿನೀರಿಗೆ ನಲವತ್ತು ಸೆಕೆಂಡು. ಕಿಟಕಿಯ ಹೊರಗೆ ಹುಲ್ಲು, ಆಕಾಶ ಮುಗಿಯುವವರೆಗೂ ಹುಲ್ಲು. ಪರದೆಗೆ ಎರಡು ಕೊಕ್ಕೆ ಕಡಿಮೆ.’

ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲವೆಂದಲ್ಲ. ನೈರೋಬಿಯಿಂದ ಹೋಗುವ ದಾರಿಯಲ್ಲಿ ರಿಫ್ಟ್ ಕಣಿವೆ ಸಿಕ್ಕಿತು. ಭೂಮಿ ಸೀಳಿದ ಹಾಗಿರುವ ಜಾಗ. ವ್ಯಾನು ಹತ್ತು ನಿಮಿಷ ನಿಂತಿತು. ಆರೂ ಮಂದಿ ತಮ್ಮ ಫೋನುಗಳನ್ನು ನನ್ನ ಕೈಗೆ ಕೊಟ್ಟು ಸಾಲಾಗಿ ನಿಂತರು. ಎಲ್ಲಿ ಹೋದರೂ ಜನ ನನ್ನ ಮುಖ ನೋಡಿದ ಕೂಡಲೇ ಫೋಟೋ ತೆಗೆಯಲು ಕೊಡುತ್ತಾರೆ, ಇದೊಂದು ಜನ್ಮಜಾತ ಯೋಗ. ಕಣಿವೆಯನ್ನು ನಾನು ಒಬ್ಬರ ಟೋಪಿಗೂ ಇನ್ನೊಬ್ಬರ ಕಿವಿಗೂ ನಡುವೆ ಇದ್ದ ಸಂದಿಯಲ್ಲಿ ನೋಡಿದೆ. ಮೂರನೆಯ ದಿನ ಬೆಳಿಗ್ಗೆ ಬಲೂನು ಹಾರಾಟವಿತ್ತು. ಬುಟ್ಟಿಯಲ್ಲಿ ಆರು ಜನಕ್ಕೆ ಜಾಗ, ನಾವು ಏಳು. “ಯಾರಾದರೂ ಒಬ್ಬರು...” ಎಂದು ಗೈಡ್ ಶುರು ಮಾಡುವಷ್ಟರಲ್ಲಿ ಆರೂ ಮಂದಿ ನನ್ನ ಕಡೆ ತಿರುಗಿದ್ದರು. ತಲೆಯಾಡಿಸಿದೆ. ಬಲೂನು ಸೂರ್ಯನ ಕಡೆ ಏರಿತು. ನಾನು ನಾಲ್ಕು ಬಾತ್‌ರೂಮು ಮುಗಿಸಿದೆ.

ಇನ್ನು ಸಿಂಹ. ನಾಲ್ಕನೆಯ ದಿನ ಸಂಜೆ ವ್ಯಾನಿನಲ್ಲಿ ಎಲ್ಲರಿಗಿಂತ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಆ ವ್ಯಾನುಗಳ ಚಾವಣಿ ಮೇಲಕ್ಕೆ ತೆರೆಯುತ್ತದೆ, ಎದ್ದು ನಿಂತು ನೋಡಬೇಕು. ಡ್ರೈವರ್ ಪಿಸುಮಾತಿನಲ್ಲಿ “ಸಿಂಬಾ” ಎಂದ. ಆರೂ ಮಂದಿ ಎದ್ದು ನಿಂತರು. ನನ್ನೆದುರಿಗೆ ಬೇರೂತಿನಿಂದ ಬಂದಿದ್ದ ಒಬ್ಬ ಮಹನೀಯರು ನಿಂತರು. ನಮ್ಮ ಮಾವ್ಶಿಯ ಮನೆಯ ಎರಡು ಬಾಗಿಲಿನ ಕಪಾಟಿನಷ್ಟಿದ್ದರು. ನಾನು ಐದಡಿಗೆ ಒಂದಿಂಚು ಕಡಿಮೆ. ಬೆರಳ ತುದಿಯಲ್ಲಿ ನಿಂತೆ, ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. “ಸ್ವಲ್ಪ ಸರಿಯಿರಿ” ಎಂದರೆ ಮುಗಿಯುತ್ತಿತ್ತು. ಇಂಗ್ಲಿಷಿನಲ್ಲಿ ಅದನ್ನು ಮನಸ್ಸಿನೊಳಗೆ ಮೂರು ರೀತಿ ಜೋಡಿಸಿ ನೋಡಿದೆ, ಮೂರೂ ಒರಟಾಗಿ ಕೇಳಿಸಿದವು. ನಾಲ್ಕನೆಯದು ಸರಿಯಾಗುವಷ್ಟರಲ್ಲಿ ಸಿಂಹ ಹೋಗಿತ್ತು. ಕಾಲು ಗಂಟೆ ನಾನು ನೋಡಿದ್ದು ಆ ಮಹನೀಯರ ಬೆನ್ನು. ಖಾಕಿ ಅಂಗಿ. ಕುತ್ತಿಗೆಯ ಹಿಂದೆ ಲೇಬಲ್ ಹೊರಗೆ ಬಂದಿತ್ತು. ತಣ್ಣೀರಿನಲ್ಲಿ ಒಗೆಯಬೇಕೆಂದು ಅದರಲ್ಲಿ ಬರೆದಿತ್ತು.

ವಿಮಾನದಲ್ಲಿ ವಾಪಸು ಬರುವಾಗ ಮನೆಯಲ್ಲಿ ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡೆ: ‘ಸಿಂಹವೇನೋ ಇತ್ತು ಮಾವ್ಶಿ, ಆದರೆ...’ ವಾಕ್ಯದಲ್ಲಿ ದೋಷವಿರಲಿಲ್ಲ. ಮಾರ್ಥಾ ಮಾವ್ಶಿ ಜೀವನದಲ್ಲಿ ಯಾರ ‘ಆದರೆ’ಗೂ ಕಾದವರಲ್ಲ ಎಂಬುದು ಮರೆತುಹೋಗಿತ್ತು.

ಬಾಗಿಲು ತೆರೆದವರೇ, ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದರು. “ಸಿಂಹ ಸಿಕ್ಕಿತಾ?”

ಕೈಯಲ್ಲಿ ಪೆಟ್ಟಿಗೆ, ಬಾಯಲ್ಲಿ ಪಾಸ್‌ಪೋರ್ಟು. ತಲೆಯಾಡಿಸಿದೆ. ‘ಆದರೆ’ಯನ್ನು ಪೆಟ್ಟಿಗೆ ಕೆಳಗಿಟ್ಟ ಮೇಲೆ ಹೇಳುವುದೆಂದುಕೊಂಡೆ.

“ಜಾನ್! ಇವಳಿಗೆ ಸಿಂಹ ಸಿಕ್ಕಿತಂತೆ!”

“ಎಷ್ಟು ಹತ್ತಿರ ಕೇಳು,” ಎಂದು ಒಳಗಿಂದ ಜಾನ್ ಬಾಪ್ಪು ಕೂಗಿದರು. ಮಾವ್ಶಿಯ ಗಂಡ. ಟಿವಿಯ ಮುಂದಿನಿಂದ ಏಳದೆಯೇ ಜಗತ್ತಿನ ಎಲ್ಲ ವಿಚಾರಣೆ ಮಾಡಬಲ್ಲವರು.

“ಎಷ್ಟು ಹತ್ತಿರ ಬಾಯೆ?”

ವ್ಯಾನು ನಿಂತದ್ದು ಹದಿನೈದು ಅಡಿಯಲ್ಲಿ ಎಂದು ಡ್ರೈವರ್ ಹೇಳಿದ್ದ. “ಹದಿನೈದು ಅಡಿ,” ಎಂದೆ. ಅದು ಸತ್ಯ. ನನಗೆ ಅತಿ ಹೆಚ್ಚು ತೊಂದರೆ ಕೊಟ್ಟದ್ದೂ ಆ ಒಂದು ಸತ್ಯವೇ.

“ಸಾಯ್ಬಾ ಭೊಗೊಸ್, ದೇವರೇ! ಹದಿನೈದು ಅಡಿ! ನಮ್ಮ ಫ್ರಿಜ್ಜಿನಿಂದ ಬಾಲ್ಕನಿಗೆ ಜಾನ್!”

ಮಾವ್ಶಿ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸ್. ಮರುದಿನ ಅವರ ಡ್ಯೂಟಿ ಮುಗಿಯುವ ಹೊತ್ತಿಗೆ ಹದಿನೈದು ಅಡಿ ಹತ್ತಾಗಿತ್ತು. ಇಲ್ಲಿ ರಜೆಯ ದಿನವಾದ ಶುಕ್ರವಾರದ ಪೂಜೆ ಮುಗಿಸಿ ಇಗರ್ಜಿಯ, ಎಂದರೆ ಚರ್ಚಿನ, ಅಂಗಳದಲ್ಲಿ ನಿಂತಾಗ ಬಾಪ್ಪು ಅದನ್ನು ಐದಕ್ಕೆ ಇಳಿಸಿದರು. “ಜೀಪಿನ ಬಾನೆಟ್ಟಿಗೆ ಕಾಲು ಇಟ್ಟಿತಂತೆ. ನಮ್ಮ ಹುಡುಗಿ ಅಲುಗಾಡ್ಲಿಲ್ಲ. ಮೊದಲಿಂದಲೂ ಹಾಗೆಯೇ ಅವಳು, ಅಲುಗಾಡುವವಳಲ್ಲ.” ಅದೂ ಸುಳ್ಳಲ್ಲ. ನಾನು ಪಕ್ಕದಲ್ಲೇ ನಿಂತು, ಅಲುಗಾಡದೆ, ನೆಲ ನೋಡುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು. ಭಾನುವಾರ ಊರಿನಿಂದ ಅಮ್ಮನ ಫೋನು ಬಂತು.

“ಹೌದಾ ಪುತಾ, ಸಿಂಹ ನಿನ್ನ ಕೈಯಿಂದ ಬಿಸ್ಕಿಟ್ ತಿಂದಿತಂತೆ? ಯಾವ ಬಿಸ್ಕಿಟ್?”

“ಅಮ್ಮ, ಹಾಗೆ ಅಲ್ಲ...”

“ಹೋಗಲಿ, ಯಾವುದಾದರೂ ಆಗಲಿ. ಕೈ ಸೋಪು ಹಾಕಿ ತೊಳೆದಿಯಲ್ಲ?”

ಕೈಯನ್ನಂತೂ ತೊಳೆದಿದ್ದೆ, ಮೂವತ್ತೊಂಬತ್ತು ಬಾತ್‌ರೂಮುಗಳಲ್ಲಿ. ಹೌದೆಂದೆ. ಬಿಸ್ಕಿಟ್ ಖಾಯಂ ಆಯಿತು.

ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ‘ಆಫ್ರಿಕಾ ಎಕ್ಸ್‌ಪರ್ಟ್’ ಎಂಬ ಬೋರ್ಡು ಕುಳಿತಿತ್ತು. ನಾನು ರಿಪೋರ್ಟು ತೆಗೆದುಕೊಂಡು ನವನೀತ್ ಸರ್ ಕೋಣೆಗೆ ಹೋದೆ. ಒಂಬತ್ತು ಲಾಡ್ಜು, ಮೂವತ್ತೊಂಬತ್ತು ಬಾತ್‌ರೂಮು, ಇಂಚು ಇಂಚು ಅಳತೆ, ನೂರ ಹನ್ನೆರಡು ಫೋಟೋ.

“ಸರ್, ಲಯನ್ ವಿಷಯದಲ್ಲಿ ಒಂದು...”

“ಸೂಪರ್ ಅಮ್ಮ! ಕೇಳಿದೆ! ಬಾನೆಟ್ ಮೇಲೆ ಹತ್ತಿತಂತೆ!” ರಿಪೋರ್ಟನ್ನು ತೆರೆಯದೆ ಡ್ರಾಯರಿಗೆ ಹಾಕಿದರು. “ಇದೇ ಸ್ಟೋರಿ ಕ್ಲೈಂಟ್ಸ್‌ಗೆ ಹೇಳು. ಬಾತ್‌ರೂಮ್ ಯಾರಿಗೆ ಬೇಕು?”

ಈ ಮಾತಿಗೂ ಹೋಗುವ ಮುಂಚೆ ಅವರೇ ಹೇಳಿದ್ದ ಮಾತಿಗೂ ಇರುವ ಸಂಬಂಧವನ್ನು ನಾನು ಅಂದು ದಿನಚರಿಯಲ್ಲಿ ಒಂದೂವರೆ ಪುಟ ವಿಮರ್ಶಿಸಿದೆ. ಬಾಯಲ್ಲಿ ಹೇಳಿದ್ದು “ಆಯ್ತು ಸರ್”.

ಮಂಗಳವಾರ ಯುಸ್ಟೇಸ್ ಅಂಕಲ್ ಮನೆಗೆ ಬಂದರು. ಅವರು ನಮ್ಮ ಕನ್ನಡ ಬಳಗದ ಸಾಂಸ್ಕೃತಿಕ ಕಾರ್ಯದರ್ಶಿ. ಮಾತಾಡುವಾಗ ಕೈಯಲ್ಲಿ ಮೈಕಿಲ್ಲದಿದ್ದರೆ ಟಿವಿ ರಿಮೋಟನ್ನಾದರೂ ಹಿಡಿದುಕೊಳ್ಳುತ್ತಾರೆ.

“ಬರುವ ಶುಕ್ರವಾರ ಬಳಗದ ಕಾರ್ಯಕ್ರಮ ಉಂಟಲ್ಲ ಮಾರ್ಥಾ ಬಾಯಿ,” ಎಂದರು ರಿಮೋಟಿನೊಳಗೆ. “ಸನ್ಮಾನಕ್ಕೆ ಊರಿನಿಂದ ಒಬ್ರು ಬರ್ಲಿಕ್ಕಿತ್ತು, ವೀಸಾ ಆಗ್ಲಿಲ್ಲ. ಶಾಲು ಉಂಟು, ಪೇಟ ಉಂಟು, ಹಣ್ಣಿನ ಬುಟ್ಟಿಗೆ ಹೇಳಿ ಆಗಿದೆ. ಈಗ ಒಂದು ತಲೆ ಬೇಕು.”

ಮೂವರೂ ನನ್ನ ತಲೆಯನ್ನು ನೋಡಿದರು.

“ನನಗೆ ಬೇಡ ಅಂಕಲ್, ನಾನು ನಿಜವಾಗಿ...”

“ನೋಡಿ, ನೋಡಿ! ಈಗಿನ ಕಾಲದಲ್ಲಿ ಸನ್ಮಾನ ಬೇಡ ಅನ್ನುವವರು ಯಾರುಂಟು? ಇದಕ್ಕೇ ಇವಳಿಗೆ ಮಾಡ್ಬೇಕು! ಒಂದು ಹದಿನೈದು ನಿಮಿಷ ಮಾತು, ಫೋಟೋ ಎಲ್ಲ ಪರದೆಗೆ ಹಾಕುವಾ. ‘ಸಿಂಹದೊಡನೆ ಒಂದು ಸಂಜೆ’. ಹೆಸರು ನಾನೇ ಇಟ್ಟದ್ದು, ಹೇಗುಂಟು?”

“ಫಸ್ಟ್ ಕ್ಲಾಸ್,” ಎಂದರು ಬಾಪ್ಪು. “ಸ್ಟೇಜಿನಲ್ಲಿ ಅವಳ ಪಕ್ಕ ನಮಗೂ ಎರಡು ಕುರ್ಚಿ ಉಂಟಲ್ಲ?”

ಇಷ್ಟಕ್ಕೇ ಮುಗಿದಿದ್ದರೆ ನಾನೊಬ್ಬಳೇ ನಗೆಪಾಟಲಾಗಿ ಅದನ್ನು ದಿನಚರಿಯಲ್ಲಿ ಬರೆದು ಮುಚ್ಚಿಡುತ್ತಿದ್ದೆ. ಬುಧವಾರ ಆಫೀಸಿಗೆ ಕೊರಗಣ್ಣ ಬಂದರು.

ಕೊರಗಣ್ಣ ಮೀನಾ ಸಲ್ಮಾನಿನ ಒಂದು ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ವೆಲ್ಡಿಂಗ್ ಮಾಡಿದವರು. ಮುಂದಿನ ತಿಂಗಳು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗುವವರಿದ್ದರು. ಅದಕ್ಕೆ ಮೊದಲು ಎರಡು ತಿಂಗಳ ವಿಸಿಟ್ ವೀಸಾದಲ್ಲಿ ಹೆಂಡತಿ ಅಪ್ಪಿಯಕ್ಕನನ್ನು ಕರೆಸಿಕೊಂಡಿದ್ದರು. ಅಪ್ಪಿಯಕ್ಕ ಕುರ್ಚಿಯ ತುದಿಯಲ್ಲಿ, ಎದ್ದು ಹೋಗಲು ಸುಲಭವಾಗುವಂತೆ ಕುಳಿತಿದ್ದರು. ನಾನು ಕೂರುವುದೂ ಹಾಗೆಯೇ.

“ಇವಳಿಗೆ ಟಿವಿಯಲ್ಲಿ ಪ್ರಾಣಿಗಳದ್ದು ಬಿಟ್ರೆ ಬೇರೆಂತ ಬೇಡ ಮಗಾ,” ಎಂದರು ಕೊರಗಣ್ಣ. “ನಾನು ಇಲ್ಲಿಂದ ಫೋನ್ ಮಾಡಿದ್ರೆ ‘ಮತ್ತೆ ಮಾಡಿ, ಈಗ ಸಿಂಹ ಬಂದಿದೆ’ ಅಂತ ಇಡ್ತಾಳೆ. ಲೆಕ್ಕ ಹಾಕಿದ್ರೆ ನನಗಿಂತ ಹೆಚ್ಚು ಇವಳ ಒಟ್ಟಿಗೆ ಇದ್ದದ್ದು ಆ ಸಿಂಹವೇ. ಹೋಗುವ ಮೊದಲು ಒಂದು ಸಲ ನಿಜದ್ದು ತೋರಿಸುವಾ ಅಂತ.”

ಅಪ್ಪಿಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನಮ್ಮ ಲೇಬರ್ ಕ್ಯಾಂಪಿನಲ್ಲಿ ಎಲ್ಲ ಹೇಳ್ತಾರೆ, ಅದೆಲ್ಲ ಮೋಸ, ಹುಲ್ಲು ತೋರಿಸಿ ಕಳಿಸ್ತಾರೆ ಅಂತ. ನಮಗೆ ಹೋಗ್ಲಿಕ್ಕೆ ಆಗುದು ಒಂದೇ ಸಲ, ಎರಡನೇದು ಅಂತ ಇಲ್ಲ. ಅದಕ್ಕೆ ನಮ್ಮವರು ಒಬ್ರು ಕಣ್ಣಾರೆ ಕಂಡದ್ದು ಬೇಕಿತ್ತು. ನೀನು ಕಂಡದ್ದು ಹೌದಲ್ಲ ಮಗಾ?”

ನವನೀತ್ ಸರ್ ಕೋಣೆಯಿಂದ ತಲೆ ಹೊರಹಾಕಿದರು. “ಐದು ಅಡಿ ಸರ್! ಬಾನೆಟ್ ಮೇಲೆ!”

ಕೊರಗಣ್ಣ ಅವರ ಕಡೆ ನೋಡಲಿಲ್ಲ, ನನ್ನ ಕಡೆಯೇ ನೋಡುತ್ತಿದ್ದರು. ಮೂವತ್ತೊಂದು ವರ್ಷ ಬೆಂಕಿಯ ಕಿಡಿ ನೋಡಿ ಅವರ ಕಣ್ಣು ಕೆಂಪಾಗಿಯೇ ಉಳಿದಿತ್ತು. ಆ ಕಣ್ಣಿನ ಮುಂದೆ, ದೇವರು ಕ್ಷಮಿಸಲಿ, ನಾನು ಮತ್ತೆ ತಲೆಯಾಡಿಸಿದೆ.

“ಆಯ್ತು, ಖಲಾಸ್,” ಎಂದು ಅವರು ತೊಡೆ ತಟ್ಟಿ ಎದ್ದರು. “ಶುಕ್ರವಾರ ನಿನ್ನ ಭಾಷಣ ಉಂಟಂತಲ್ಲ, ಅದನ್ನು ಕೇಳಿ ಶನಿವಾರ ಬುಕ್ ಮಾಡುದು.”

ಅಪ್ಪಿಯಕ್ಕ ಎರಡು ಕೈಯನ್ನೂ ಮೇಜಿಗೆ ಊರಿ ನಿಧಾನ ಎದ್ದರು. ನನ್ನ ಹತ್ತಿರ ಬಗ್ಗಿ, “ಅಲ್ಲಿ...” ಎಂದು ಶುರು ಮಾಡಿದರು. ನವನೀತ್ ಸರ್ ಇನ್ನೂ ಅಲ್ಲೇ ನಿಂತಿದ್ದರು. ಅಪ್ಪಿಯಕ್ಕ ಅವರನ್ನು ನೋಡಿದರು, ತಮ್ಮ ಮೊಣಕಾಲನ್ನು ನೋಡಿಕೊಂಡರು. “ಎಂತ ಇಲ್ಲ,” ಎಂದು ಹೊರಟರು.

ಆ ‘ಎಂತ ಇಲ್ಲ’ ನನಗೆ ಗೊತ್ತಿರುವ ಭಾಷೆ. ಬಹಳ ದೊಡ್ಡ ಪ್ರಶ್ನೆಗಳಿಗೆ ಮಾತ್ರ ಅದನ್ನು ಬಳಸುವುದು.

ಅವರು ಹೋದ ಮೇಲೆ ಸಫ್ನಾಳಿಗೆ ಎಲ್ಲ ಹೇಳಿದೆ. ಅವಳು ಉಳ್ಳಾಲದವಳು, ಯಾವುದಕ್ಕೂ ಹೆದರುವವಳಲ್ಲ. ನಗು ನಿಲ್ಲಿಸಲು ಅವಳಿಗೆ ಎರಡು ಗ್ಲಾಸು ನೀರು ಬೇಕಾಯಿತು. ಕೊನೆಗೆ ಒಂದು ಪೆನ್‌ಡ್ರೈವ್ ಕೊಟ್ಟಳು. “ಇದ್ರಲ್ಲಿ ಕಂಪನಿಯವರ ಬ್ರೋಷರಿನ ಸಿಂಹ ಉಂಟು, ಹನ್ನೆರಡು. ಹಾಕಿ ಬಿಡು. ಮೂಲೆಯಲ್ಲಿ ಅವರ ಹೆಸರು ಬರ್ತದೆ, ಅಲ್ಲಿ ನೀನು ನಿಂತ್ಕೊ. ನಿನ್ನ ಜನ್ಮಕ್ಕೆ ಒಂದು ಉಪಯೋಗ ಆಗ್ಲಿ.”

ಶುಕ್ರವಾರ ಸಂಜೆ ಬಳಗದ ಹಾಲಿನಲ್ಲಿ ಜನ ತುಂಬಿದ್ದರು. ಮಾವ್ಶಿ ಆಸ್ಪತ್ರೆಯ ಎರಡು ವಾರ್ಡಿನ ನರ್ಸುಗಳನ್ನು ಕರೆತಂದಿದ್ದರು. ನನ್ನ ಒಂದು ಕೈಯಲ್ಲಿ ಪೆನ್‌ಡ್ರೈವು, ಇನ್ನೊಂದರಲ್ಲಿ ಫೋನು. ಎರಡರಲ್ಲಿ ಯಾವುದು ಹೆಚ್ಚು ಬೆವತಿತ್ತೋ ಹೇಳಲಾರೆ. ಯುಸ್ಟೇಸ್ ಅಂಕಲ್ ಈಗ ನಿಜವಾದ ಮೈಕಿನ ಮುಂದಿದ್ದರು.

“ಅರಬ್ಬೀ ಸಮುದ್ರವನ್ನು ದಾಟಿ ಬಂದ ಈ ಕರಾವಳಿಯ ಕುವರಿ, ಆಫ್ರಿಕಾ ಖಂಡದ ಘೋರಾರಣ್ಯವನ್ನು ಏಕಾಂಗಿಯಾಗಿ ಹೊಕ್ಕು, ವನರಾಜನ ಕಣ್ಣಿನಲ್ಲಿ ಕಣ್ಣಿಟ್ಟು...”

ಅಲ್ಲಿ ಮರಗಳೇ ಕಡಿಮೆ, ಬರೀ ಹುಲ್ಲು ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ತಲೆಗೆ ಪೇಟ ಇಟ್ಟರು. ಅದು ವೀಸಾ ಸಿಗದ ಆ ದೊಡ್ಡ ಮನುಷ್ಯರ ತಲೆಯ ಅಳತೆಯದು. ನನ್ನ ಹುಬ್ಬು ದಾಟಿ, ಕಣ್ಣು ದಾಟಿ, ಮೂಗಿನ ಮೇಲೆ ಬಂದು ನಿಂತಿತು. ಚಪ್ಪಾಳೆ ಬಿತ್ತು. ಅಂದೂ ನನಗೇನೂ ಕಾಣಲಿಲ್ಲ.

ಪೇಟವನ್ನು ಮೇಲೆತ್ತಿ ಹಿಡಿದಾಗ ಮೊದಲು ಕಂಡದ್ದು ಮುಂದಿನ ಸಾಲಿನ ಅಪ್ಪಿಯಕ್ಕ. ಹೊಸ ಸೀರೆ, ಮಡಿಲಲ್ಲಿ ಶಾಲೆಯ ಮಕ್ಕಳ ಹಾಗೆ ಒಂದು ಚಿಕ್ಕ ನೋಟ್‌ಬುಕ್ಕು. ಪಕ್ಕದಲ್ಲಿ ಕೊರಗಣ್ಣ, ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದರು. ನಾನು ಹೇಳುವುದನ್ನು ಬರೆದುಕೊಳ್ಳಲು ಬಂದಿದ್ದರು. ನನ್ನ ಮಾತನ್ನು ಬರೆದುಕೊಳ್ಳಲು ಲೋಕದಲ್ಲಿ ನಾನಲ್ಲದೆ ಇನ್ನೊಬ್ಬರು ಪೆನ್ನು ತೆಗೆದದ್ದು ಅದೇ ಮೊದಲು. ಅದರಲ್ಲಿ ನಾನು ಸುಳ್ಳು ಬರೆಸುವುದೆ?

ಪೆನ್‌ಡ್ರೈವನ್ನು ಹಣ್ಣಿನ ಬುಟ್ಟಿಯಲ್ಲಿ ಎರಡು ಸೇಬಿನ ನಡುವೆ ಇಟ್ಟೆ. ಮೈಕಿನ ಹತ್ತಿರ ಹೋದೆ.

“ನಾನು ಸಿಂಹ ನೋಡಿಲ್ಲ,” ಎಂದೆ.

ಎಲ್ಲರೂ ಪ್ರೀತಿಯಿಂದ ಚಪ್ಪಾಳೆ ತಟ್ಟಿದರು. ಮೈಕು ಬಂದ್ ಆಗಿತ್ತು.

“ಜೋರು! ಜೋರು!” ಎಂದು ಹಿಂದಿನಿಂದ ಕೂಗಿದರು. ಯುಸ್ಟೇಸ್ ಅಂಕಲ್ ವಯರನ್ನು ಎಳೆದರು, ತಟ್ಟಿದರು, “ಹೇಳು ಬಾಯೆ, ಹೊಟ್ಟೆಯಿಂದ ಹೇಳು” ಎಂದರು. ಒಂದು ಜೀವಮಾನದ ಎಲ್ಲ ‘ಆಯ್ತು ಸರ್’ಗಳನ್ನೂ ಹೊಟ್ಟೆಯಿಂದ ಒಟ್ಟುಮಾಡಿ ನಾನು ಕಿರುಚುವುದಕ್ಕೂ ಮೈಕು ಜೀವ ತಳೆಯುವುದಕ್ಕೂ ಸರಿಹೋಯಿತು.

“ನಾನು ಸಿಂಹ ನೋಡಲೇ ಇಲ್ಲ!”

ಆ ಮಾತು ಹಾಲಿನ ನಾಲ್ಕು ಗೋಡೆಗೂ ಬಡಿದು ವಾಪಸು ಬಂತು. ‘ಇಲ್ಲ, ಇಲ್ಲ, ಇಲ್ಲ’ ಎಂದು ಸ್ಪೀಕರುಗಳು ಸಾಕ್ಷಿ ಹೇಳಿದವು. ಮಾವ್ಶಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡರು. ಬಾಪ್ಪು ತಮ್ಮ ಕುರ್ಚಿಯನ್ನು ನನ್ನ ಕುರ್ಚಿಯಿಂದ ಒಂದಡಿ ದೂರ ಎಳೆದುಕೊಂಡರು.

“ಹಾಗಾದರೆ ಐದು ದಿನ ಎಂತ ನೋಡಿದ್ದು?” ಎಂದು ಯಾರೋ ಕೇಳಿದರು.

“ಬಾತ್‌ರೂಮು,” ಎಂದೆ.

ಇನ್ನು ಮರ್ಯಾದೆ ಉಳಿಸಿಕೊಳ್ಳಲು ಏನೂ ಇರಲಿಲ್ಲ. ಫೋನನ್ನು ಪರದೆಗೆ ಜೋಡಿಸಿದೆ. ಹನ್ನೆರಡು ಅಡಿ ಅಗಲದ ಪರದೆಯ ಮೇಲೆ ಒಂದು ಬಿಳಿ ಕಮೋಡು ಮೂಡಿತು. ಅದರ ಪಕ್ಕದಲ್ಲಿ ನೆಟ್ಟಗೆ ನಿಂತ ಹೊಲಿಗೆ ಟೇಪು. ಮುಂದಿನದು, ಇನ್ನೊಂದು ಕಮೋಡು. ಬಳಗದ ಇತಿಹಾಸದಲ್ಲಿ ಅಷ್ಟು ನಿಶ್ಶಬ್ದವಾಗಿ ಯಾವ ಕಾರ್ಯಕ್ರಮವೂ ನಡೆದಿರಲಿಕ್ಕಿಲ್ಲ. ಕೊರಗಣ್ಣ ನಿಧಾನವಾಗಿ ಪೆನ್ನಿಗೆ ಮುಚ್ಚಳ ಹಾಕಿದರು. ಆ ‘ಟಿಕ್’ ನನಗೆ ಸ್ಟೇಜಿನ ಮೇಲೂ ಕೇಳಿಸಿತು.

ಆಗ ಮುಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು.

“ಅದು...” ಎಂದರು ಅಪ್ಪಿಯಕ್ಕ. ಹಾಲಿನ ಎಲ್ಲರೂ ಅವರ ಕಡೆ ತಿರುಗಿದ್ದರು. ಅವರ ಮುಖ ಕೆಂಪಾಯಿತು, ಆದರೆ ಕೈ ಕೆಳಗೆ ಬರಲಿಲ್ಲ. “ಆ ಎರಡನೇದು. ಅದರ ಎತ್ತರ ಎಷ್ಟು ಮಗಾ? ನನಗೆ ಕೆಳಗೆ ಕೂತ್ರೆ ಏಳ್ಲಿಕ್ಕೆ ಆಗುದಿಲ್ಲ.”

“ಹದಿನೇಳೂವರೆ ಇಂಚು,” ಎಂದೆ. “ಪಕ್ಕದ ಗೋಡೆಗೆ ಹಿಡಿದುಕೊಳ್ಳಲಿಕ್ಕೆ ಕಂಬಿ ಉಂಟು. ಎಳೆದು ನೋಡಿದ್ದೇನೆ, ಗಟ್ಟಿ ಉಂಟು. ಅಲ್ಲಿಂದ ಊಟದ ಹಾಲಿಗೆ ಒಂದೂ ಮೆಟ್ಟಿಲಿಲ್ಲ ಅಪ್ಪಿಯಕ್ಕ.”

“ಓ,” ಎಂದು ಉಸಿರುಬಿಟ್ಟರು. “ಅದೊಂದೇ ನನಗೆ ಹೆದರಿಕೆ ಇದ್ದದ್ದು. ಇವರ ಹತ್ರ ಹೇಗೆ ಹೇಳುದು ಅಂತ.”

ಕಟ್ಟೆ ಒಡೆದಂತಾಯಿತು. “ಶತ್ತಾಫ್ ಉಂಟಾ?” ಎಂದು ಮೂರನೆಯ ಸಾಲಿನಿಂದ ಒಬ್ಬರು ಎದ್ದು ನಿಂತು ಕೇಳಿದರು. ಕಮೋಡಿನ ಪಕ್ಕದ ಕೈಪೈಪಿಗೆ ಇಲ್ಲಿ ಹಾಗೆನ್ನುತ್ತಾರೆ. ಅದಿಲ್ಲದ ದೇಶವನ್ನು ನಮ್ಮವರು ದೇಶವೆಂದು ಒಪ್ಪುವುದಿಲ್ಲ. ನಾಲ್ಕು ಲಾಡ್ಜುಗಳಲ್ಲಿದೆ, ಐದರಲ್ಲಿಲ್ಲ ಎಂದೆ. “ಯಾವ ನಾಲ್ಕು? ನಿಧಾನ ಹೇಳು ಮಾರಾಯ್ತಿ, ಬರ್ಕೊಳ್ತೇವೆ!” ಬಿಸಿನೀರು? ಇಪ್ಪತ್ತು ಸೆಕೆಂಡು, ಬೆಳಿಗ್ಗೆ ಆರರ ನಂತರ ಮೂವತ್ತೈದು. ಅನ್ನ? ಎರಡು ಕಡೆ, ಕುಚ್ಚಲಕ್ಕಿ ಅಲ್ಲ. ಮಾವ್ಶಿಯ ವಾರ್ಡಿನ ನರ್ಸುಗಳು ಕಂಬಿಯ ಫೋಟೋವನ್ನು ದೊಡ್ಡದು ಮಾಡಿಸಿ ಸ್ಕ್ರೂಗಳನ್ನು ಪರೀಕ್ಷಿಸಿದರು. ಮಾವ್ಶಿಯ ಮುಖದಿಂದ ದುಪಟ್ಟಾ ಇಳಿಯಿತು. “ಸಣ್ಣದರಿಂದಲೇ ಹಾಗೆ ಅವಳು. ಎಲ್ಲ ಅಳತೆ ಮಾಡುವುದು,” ಎನ್ನುವುದು ಕೇಳಿಸಿತು. ಬಾಪ್ಪು ಕುರ್ಚಿಯನ್ನು ವಾಪಸು ಎಳೆದುಕೊಂಡರು. ನವನೀತ್ ಸರ್ ಎದ್ದು, “ಇದೆಲ್ಲ ನಮ್ಮ ಆಫೀಸ್ ರಿಪೋರ್ಟಲ್ಲಿ ಡೀಟೇಲಾಗಿದೆ, ನಾನೇ ಹೇಳಿ ಮಾಡಿಸಿದ್ದು!” ಎಂದು ಸಾರಿದರು.

ಗದ್ದಲ ತಗ್ಗಿದ ಮೇಲೆ ಕೊರಗಣ್ಣ ಕೇಳಿದರು. “ಎಲ್ಲ ಸರಿ ಮಗಾ. ಆದರೆ ಸಿಂಹ ಇಲ್ವಾ ಹಾಗಾದ್ರೆ?”

“ಉಂಟು ಕೊರಗಣ್ಣ. ನನ್ನ ಒಟ್ಟಿಗಿದ್ದ ಆರು ಜನವೂ ಕಂಡರು. ಎದುರಿಗೆ ನಿಂತವರಿಗೆ ಸ್ವಲ್ಪ ಸರಿಯಿರಿ ಅನ್ನಲಿಕ್ಕೆ ನನಗೆ ನಾಚಿಕೆ ಆಯ್ತು, ಅದಕ್ಕೆ ಕಾಣಲಿಲ್ಲ. ಅಲ್ಲಿ ನೀವು ಸರಿಯಿರಿ ಅಂತ ಹೇಳಿ. ಅಪ್ಪಿಯಕ್ಕ, ನೀವೂ ಹೇಳಬೇಕು.”

ಕೊರಗಣ್ಣ ನನ್ನನ್ನು ನೋಡಿದರು. ಆಮೇಲೆ ಪರದೆಯ ಮೇಲಿನ ಕಂಬಿಯನ್ನು, ವೆಲ್ಡರನ ಕಣ್ಣಿನಿಂದ, ಬಹಳ ಹೊತ್ತು ನೋಡಿದರು. “ಜಾಯಿಂಟ್ ಒಳ್ಳೆದುಂಟು,” ಎಂದು ಪೆನ್ನಿನ ಮುಚ್ಚಳ ತೆಗೆದರು.

ಮರುದಿನ ಬೆಳಿಗ್ಗೆ, ಹೊಸ ಧೈರ್ಯದಲ್ಲಿ, ಕೋಲ್ಡ್ ಸ್ಟೋರಿಗೆ ಹೋಗಿ “ಹಾಲು” ಎಂದೆ. ಅವನ ಮುಖ ಹೇಗೆ ಬಾಡಿತೆಂದರೆ ಎರಡನ್ನೂ ತಂದೆ.

ಮೂರು ವಾರದ ಮೇಲೆ, ಊರಿಗೆ ಹೊರಡುವ ಹಿಂದಿನ ದಿನ, ಇಬ್ಬರೂ ಆಫೀಸಿಗೆ ಬಂದರು. ಮಾರಾದಿಂದ ಬಂದು ನಾಲ್ಕು ದಿನವಾಗಿತ್ತಷ್ಟೆ. ಅಪ್ಪಿಯಕ್ಕ ಈ ಸಲ ಕುರ್ಚಿಯ ತುಂಬ ಕುಳಿತರು. ಬಾಯಿ ನಿಲ್ಲಲಿಲ್ಲ.

“ಕಂಡೆ ಮಗಾ! ಎರಡು! ಒಂದು ಗಂಡು, ಒಂದು ಹೆಣ್ಣು! ಮೊದಲು ಹುಲ್ಲಿನೊಳಗೆ ಮಲಗಿತ್ತು, ಕೂತ್ರೆ ಕಾಣುದಿಲ್ಲ. ನನ್ನ ಎದುರು ಒಬ್ಬ ಉದ್ದದ ಮನುಷ್ಯ. ನೀನು ಹೇಳಿದ್ದು ನೆನಪಾಯ್ತು. ತುಳುವಿನಲ್ಲೇ ಹೇಳಿದೆ, ‘ಒಂಚೂರು ಸರಿಯಿರಿ’ ಅಂತ. ಸರಿದ! ಆದ್ರೆ ನನಗೆ ಮೊಣಕಾಲು ನಿಲ್ಲುದಿಲ್ಲ ಅಲ್ವಾ? ಇವರು ಹಿಂದಿನಿಂದ ನನ್ನ ಸೊಂಟ ಹಿಡಿದು ಎತ್ತಿ ನಿಲ್ಲಿಸಿದ್ರು. ಪೂರಾ ಕಾಲು ಗಂಟೆ ಹಾಗೇ ಹಿಡಿದದ್ದು, ಬಿಡ್ಲೇ ಇಲ್ಲ. ಅದು ಹೀಗೆ ಆಕಳಿಸಿತು ನೋಡು...” ಎಂದು ಬಾಯಿ ತೆರೆದು ತೋರಿಸಿದರು. ಸಫ್ನಾ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು.

ನಾನು ಕೊರಗಣ್ಣನ ಕಡೆ ನೋಡಿದೆ. ಅವರು ಹೆಚ್ಚು ಎತ್ತರದವರಲ್ಲ. ಅಪ್ಪಿಯಕ್ಕ ಅವರಿಗಿಂತ ಅಗಲ.

“ನಿಮಗೂ ಕಂಡಿತಾ ಕೊರಗಣ್ಣ?”

ಅಪ್ಪಿಯಕ್ಕನೂ ತಿರುಗಿ ಗಂಡನ ಮುಖ ನೋಡಿದರು. ಕೊರಗಣ್ಣ ತಲೆಯಾಡಿಸಿದರು.

ಆ ತಲೆಯಾಡಿಸುವ ಬಗೆ ಈ ದ್ವೀಪದಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ. ಅಪ್ಪಿಯಕ್ಕ ಮೊಬೈಲಿನ ಫೋಟೋಗಳನ್ನು ಸಫ್ನಾಳಿಗೆ ತೋರಿಸಲು ಹೋದಾಗ ನಾನು ಸ್ವರ ತಗ್ಗಿಸಿ ಕೇಳಿದೆ.

“ಅಪ್ಪಿಯಕ್ಕ ಆವತ್ತು ಯಾವ ಬಣ್ಣದ ಸ್ವೆಟರ್ ಹಾಕಿದ್ದು?”

“ಹಸುರು,” ಎಂದರು ಕೊರಗಣ್ಣ ತಟ್ಟನೆ. “ಬೆನ್ನಲ್ಲಿ ಒಂದು ಹೊಲಿಗೆ ಬಿಟ್ಟಿತ್ತು. ಕುತ್ತಿಗೆ ಹತ್ರ ಎರಡು ಬಿಳಿ ಕೂದಲು ಅಂಟಿತ್ತು.” ನನ್ನ ಮುಖ ನೋಡಿ, ಕೆಂಪು ಕಣ್ಣಲ್ಲೇ ನಕ್ಕರು. “ಒಳ್ಳೆ ಕಂಡಿತು ಮಗಾ.”